ಇಂಜಿನ್ನಿಗೆ ಅಡ್ಡ ನಿಂತ ಮನುಷ್ಯ

ನಮ್ಮ ಕಡೆ ರೈಲಿನ ಫೋಟೋ ಅಂತ ಯಾರೂ ತೆಗೆಸಿಲ್ಲ. ಬೇಕಾದರೆ ಚಿಕ್ಕಬಳ್ಳಾಪುರದಿಂದ ಚಿಂತಾಮಣಿಯ ತನಕ ಮನೆಮನೆಯ ಟ್ರಂಕು ತೆಗೆಸಿ ನೋಡಿ. ನಾನು ನೋಡಿದ್ದೇನೆ. ಮದುವೆ ದಿಬ್ಬಣದ ಫೋಟೋ ಇರುತ್ತದೆ, ಮಿಲಿಟರಿಗೆ ಹೊರಟ ಮಗನದು ಇರುತ್ತದೆ, ವರ್ಗವಾದ ಹೆಡ್‌ಮಾಸ್ಟರಿಗೆ ಸ್ಟೇಷನ್ನಿನಲ್ಲಿ ಹಾರ ಹಾಕಿದ್ದು ಇರುತ್ತದೆ. ರೈಲು ಇವರೆಲ್ಲರ ಬೆನ್ನ ಹಿಂದೆ. ಯಾರದೋ ಪೇಟದ ಪಕ್ಕದಲ್ಲಿ ಒಂದು ತುಂಡು ಹೊಗೆ ಕೊಳವೆ, ಯಾರದೋ ಸೆರಗಿನ ಕೆಳಗೆ ಅರ್ಧ ಚಕ್ರ. ಈ ತುಂಡುಗಳನ್ನೆಲ್ಲ ಕೂಡಿಸಿ ಒಂದು ಪೂರ್ತಿ ಇಂಜಿನ್ ಮಾಡುತ್ತೇನೆ ಅಂತ ಹೊರಟವನು ನಾನು. ಹುಚ್ಚು ಅನ್ನಿ, ಬೇಜಾರಿಲ್ಲ. ಎಲ್ಲರೂ ಅಂದಿದ್ದಾರೆ.

ನಾನು ಚಿಕ್ಕಬಳ್ಳಾಪುರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಎಂಬತ್ತರ ದಶಕದ ಕೊನೆಯ ಮಾತು. ಆಗಿನ್ನೂ ನಮ್ಮ ಸಣ್ಣ ರೈಲು ಓಡುತ್ತಿತ್ತು. ಎರಡೂವರೆ ಅಡಿ ಅಗಲದ ಹಳಿ, ಅದರ ಮೇಲೆ ಒಲೆದಾಡಿಕೊಂಡು ಶಿಡ್ಲಘಟ್ಟ, ಚಿಂತಾಮಣಿ ಮೇಲೆ ಕೋಲಾರದ ದಿಕ್ಕಿಗೆ ಹೋಗುವ ನಾಲ್ಕಾರು ಪುಟ್ಟ ಡಬ್ಬಿ. ನಡುವೆ ಇಳಿದು ಹುಣಸೆಕಾಯಿ ಕಿತ್ತುಕೊಂಡು ಮತ್ತೆ ಓಡಿಹೋಗಿ ಹತ್ತಬಹುದು ಅಂತ ಜನ ಆಡಿಕೊಳ್ಳುತ್ತಿದ್ದರು. ನಾನು ಚಿಕ್ಕವನಿದ್ದಾಗ ಅದನ್ನು ಎಳೆಯುತ್ತಿದ್ದದ್ದು ಕಲ್ಲಿದ್ದಲಿನ ಇಂಜಿನ್ನು. ಕಿಟಕಿಯಲ್ಲಿ ತಲೆ ಹಾಕಿದರೆ ಕಣ್ಣಿಗೆ ಕಿಡಿ ಬಿದ್ದು ಎರಡು ದಿನ ಉಜ್ಜಿಕೊಳ್ಳಬೇಕು. ಆಮೇಲೆ ಅದು ಹೋಗಿ ಡೀಸೆಲ್ ಬಂತು. ಈಗ ಹಳಿಯನ್ನೇ ಕೀಳುತ್ತಾರಂತೆ ಅನ್ನುವ ಸುದ್ದಿ ಊರೆಲ್ಲ ಓಡಾಡುತ್ತಿತ್ತು. ನನಗೆ ಬೇಕಾಗಿದ್ದು ಆ ಹಳೇ ಇಂಜಿನ್ನು.

ಹಳೇ ಟಾರ್ಚಿನ ಕೊಳವೆ ಅದರ ಬಾಯ್ಲರ್. ಎಣ್ಣೆ ಡಬ್ಬದ ತಗಡು ಕತ್ತರಿಸಿ ಡ್ರೈವರ್ ನಿಲ್ಲುವ ಗೂಡು ಮಾಡಿದೆ. ಸೈಕಲ್ ಕಡ್ಡಿ ಬಗ್ಗಿಸಿ ಹಿಡಿಕೆ ಮಾಡಿದೆ. ಹೊಲಿಗೆ ದಾರದ ಖಾಲಿ ರೀಲು ಹೊಗೆ ಕೊಳವೆ. ಎಲ್ಲ ಆಗಿತ್ತು, ಚಕ್ರದ್ದೇ ತಾಪತ್ರಯ. ಚಕ್ರಗಳನ್ನು ಒಂದಕ್ಕೊಂದು ಕಟ್ಟುವ ಸರಳು ಎಲ್ಲಿ ಹಿಡಿದಿರುತ್ತದೆ, ಹಿಂದಿನ ಚಕ್ರದ ಹತ್ತಿರ ಅದು ಹೇಗೆ ತಿರುಗುತ್ತದೆ ಅನ್ನುವುದು ಯಾವ ಫೋಟೋದಲ್ಲೂ ಕಾಣುತ್ತಿರಲಿಲ್ಲ. ಸರಿಯಾಗಿ ಅಲ್ಲೇ ಬಂದು ಒಬ್ಬ ಬೀಗರು ಕಾಲು ಅಗಲಿಸಿ ನಿಂತಿರುತ್ತಾರೆ! ಫೋಟೋ ಹಿಡಿದುಕೊಂಡು ನಾನು ಅವರನ್ನು ಬೈಯುತ್ತಿದ್ದೆ. "ಪಕ್ಕಕ್ಕೆ ಸರೀರಿ ಸ್ವಾಮಿ, ನಿಮ್ಮ ಪಂಚೆ ಯಾವನಿಗೆ ಬೇಕಾಗಿದೆ."

ನನ್ನ ಹೆಂಡತಿ ಗೌರಿಬಿದನೂರಿನವಳು. ಅವರ ಊರಿನಲ್ಲಿ ದೊಡ್ಡ ರೈಲು. "ನಮ್ಮೂರಿಗೆ ಬನ್ನಿ, ನಿಜವಾದ ರೈಲು ತೋರಿಸ್ತೀನಿ. ಈ ಬೆಂಕಿಪೊಟ್ಟಣಕ್ಕೆ ಇಷ್ಟು ಒದ್ದಾಡ್ತೀರಲ್ಲ," ಅಂತ ಚುಡಾಯಿಸುತ್ತಿದ್ದಳು. ಒಂದು ವಿಷಯಕ್ಕೆ ಮಾತ್ರ ಅವಳಿಗೆ ನಿಜವಾಗಿ ಸಿಟ್ಟಿತ್ತು. "ಊರೋರ ಮನೇಲಿ ಸತ್ತೋರ ಫೋಟೋನೆಲ್ಲ ತಂದು ನಮ್ಮನೇಲಿ ಗುಡ್ಡೆ ಹಾಕ್ತಿದೀರ. ಒಳ್ಳೇದಲ್ಲ ಕಣ್ರೀ." ಸತ್ತವರೋ ಇದ್ದವರೋ ನನಗೇನು ಗೊತ್ತು. ನನ್ನ ಪಾಲಿಗೆ ಅವರೆಲ್ಲ ಇಂಜಿನ್ನಿಗೆ ಅಡ್ಡ ನಿಂತ ಜನ.

ನಮ್ಮ ಸ್ಕೂಲಿನ ಗುಮಾಸ್ತ ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವಿನ ಒಂದು ಹಳ್ಳಿಯವನು. ಒಂದು ದಿನ ಸ್ಟಾಫ್ ರೂಮಿನಲ್ಲಿ ನನ್ನ ಟಾರ್ಚಿನ ಇಂಜಿನ್ನನ್ನು ತಿರುಗಿಸಿ ಮುರುಗಿಸಿ ನೋಡಿ, "ಸಾರ್, ನಮ್ಮಕ್ಕನ ಹತ್ರ ಒಂದು ಪಟ ಇದೆ. ನಮ್ಮ ಭಾವ ನಿಂತಿದಾರೆ. ಹಿಂದೆ ಇಂಜಿನ್ ಪೂರ್ತಿ ಬಿದ್ದಿದೆ," ಅಂದ.

"ಪೂರ್ತಿ ಅಂದ್ರೆ?"

"ಮೂತಿಯಿಂದ ಬಾಲದ ತನಕ ಸಾರ್."

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಆದರೆ ಅವನ ಮುಖ ಬಾಡಿತ್ತು. ಅವನ ಭಾವ ಸ್ಟೇಷನ್ನಿನಲ್ಲಿ ಬುಟ್ಟಿಯಲ್ಲಿ ಕಲ್ಲಿದ್ದಲು ಹೊತ್ತು ಇಂಜಿನ್ನಿಗೆ ತುಂಬುವ ಕೂಲಿಯಾಗಿದ್ದನಂತೆ. ಕಾಯಂ ನೌಕರನಲ್ಲ. ಒಂದು ಬೆಳಿಗ್ಗೆ ಚಿಕ್ಕಬಳ್ಳಾಪುರಕ್ಕೆ ಹೋಗಿ ಸಂಜೆ ಗಾಡಿಗೆ ಬರ್ತೀನಿ ಅಂತ ಹೆಂಡತಿಗೆ ಹೇಳಿ ರೈಲು ಹತ್ತಿದ. ಬರಲಿಲ್ಲ. ಜಗಳವಿಲ್ಲ, ಕಾಯಿಲೆಯಿಲ್ಲ, ಹೆಣ ಸಿಗಲಿಲ್ಲ, ಎಲ್ಲೋ ನೋಡಿದೆ ಅಂದವರಿಲ್ಲ. ಹನ್ನೆರಡು ವರ್ಷ ದಾಟಿ ಹೋಗಿತ್ತು. ಮಕ್ಕಳಿಲ್ಲ. ಅಕ್ಕ ತಮ್ಮನ ಮನೆಯ ಪಕ್ಕದಲ್ಲೇ ಒಂಟಿಯಾಗಿ ಇದ್ದರು.

ಮುಂದಿನ ಭಾನುವಾರವೇ ಹೋದೆ. ಅಕ್ಕ ಎತ್ತರದ ಆಳು, ಗಟ್ಟಿ ದನಿ. ಹಣೆಯ ಮೇಲೆ ನಾಲ್ಕಾಣೆ ಅಗಲದ ಕುಂಕುಮ, ಮೊಣಕೈ ತನಕ ಹಸಿರು ಬಳೆ. ಕನ್ನಡ ಆಡುತ್ತಾ ಆಡುತ್ತಾ ತೆಲುಗಿಗೆ ಜಾರುವುದು ಆ ಕಡೆಯ ವಾಡಿಕೆ. ಪಟವನ್ನು ತಂದರು, ನನ್ನ ಕೈಗೆ ಕೊಡಲಿಲ್ಲ. ತಮ್ಮ ಮಡಿಲಲ್ಲೇ ಇಟ್ಟುಕೊಂಡು, "ರಾ ನಾಯನಾ, ಬಾರಪ್ಪಾ, ಇಲ್ಲೇ ಕೂತು ನೋಡು," ಅಂದರು.

ಅಂಗೈಯಷ್ಟು ಫೋಟೋ, ಸುತ್ತ ಹಲ್ಲು ಹಲ್ಲಿನ ಬಿಳಿ ಅಂಚು. ಯಾವುದೋ ದಿಬ್ಬಣದ ಜೊತೆ ಬಂದ ಫೋಟೋಗ್ರಾಫರ್ ತೆಗೆದದ್ದಂತೆ. ಮೂತಿಯಿಂದ ಬಾಲದ ತನಕ ಇಂಜಿನ್ ಇತ್ತು, ಗುಮಾಸ್ತ ಸುಳ್ಳು ಹೇಳಿರಲಿಲ್ಲ. ಅದರ ಮುಂದೆ ಬನಿಯನ್ ಹಾಕಿ, ತಲೆಗೆ ಟವೆಲ್ ಸುತ್ತಿ, ಬುಟ್ಟಿ ಸೊಂಟಕ್ಕೆ ಆನಿಸಿಕೊಂಡು ಒಬ್ಬ ತೆಳ್ಳಗಿನ ಮನುಷ್ಯ ನಗುತ್ತಿದ್ದ. ಎಲ್ಲಿ ನಿಂತಿದ್ದ ಹೇಳಿ? ಹಿಂದಿನ ಚಕ್ರದ ಮುಂದೆ!

"ಅಯ್ಯೋ, ಒಂದು ಹೆಜ್ಜೆ ಈ ಕಡೆ ನಿಂತಿದ್ರೆ ಇವರ ಗಂಟೇನು ಹೋಗ್ತಿತ್ತು," ಅಂತ ಬಾಯಿ ತಪ್ಪಿ ಅಂದುಬಿಟ್ಟೆ.

ಅಕ್ಕ ಬಿದ್ದು ಬಿದ್ದು ನಕ್ಕರು. "ಯಾವತ್ತೂ ಅಷ್ಟೇ ಕಣಪ್ಪಾ ಅವರು. ಎಲ್ಲಿ ನಿಲ್ಲಬಾರ್ದೋ ಅಲ್ಲೇ ನಿಲ್ಲೋದು." ಆಮೇಲೆ ಬಗ್ಗಿ ನೋಡಿ, "ಆದ್ರೂ ಕಾಲ ಸಂದೀಲಿ ಚೂರು ಕಾಣ್ತದೆ ನೋಡು ನಿನ್ನ ಚಕ್ರ," ಅಂದರು. ನಿಜ. ಎರಡು ಕಾಲುಗಳ ನಡುವೆ ಸರಳಿನ ತುದಿ ಕಾಣುತ್ತಿತ್ತು. ಇದನ್ನು ದೊಡ್ಡ ಕಾಪಿ ತೆಗೆಸಿದರೆ ಸಾಕು, ನನ್ನ ಇಂಜಿನ್ ಓಡಿದ ಹಾಗೆಯೇ. ಆದರೆ ಪಟ ಮನೆ ಬಿಟ್ಟು ಹೋಗಲ್ಲ ಅಂದರು ಅಕ್ಕ. ಎರಡನೆಯ ಸಲ ಹೋದಾಗಲೂ ಅದೇ ಮಾತು.

ಮೂರನೆಯ ಸಲ ಹೋದದ್ದು ಗುಮಾಸ್ತನ ಮಗಳ ನಿಶ್ಚಿತಾರ್ಥಕ್ಕೆ. ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದೆ. ನಡುಮನೆಯಲ್ಲಿ ಹೆಂಗಸರು ಸಾಲಾಗಿ ಕೂತಿದ್ದರು. ಗಂಡಿನ ಕಡೆಯ ಒಬ್ಬಾಕೆ ಅರಿಶಿನ ಕುಂಕುಮದ ತಟ್ಟೆ ಹಿಡಿದು ಒಬ್ಬೊಬ್ಬರಿಗೇ ಕೊಡುತ್ತಾ ಬಂದಳು. ಅಕ್ಕನ ಹತ್ತಿರ ಬಂದಾಗ ಅವಳ ಕೈ ನಿಂತಿತು. ಯಾರೋ ಅವಳ ಕಿವಿಯಲ್ಲಿ ಏನೋ ಅಂದಿದ್ದರು ಅಂತ ಕಾಣುತ್ತದೆ. ತಟ್ಟೆ ಅಕ್ಕನನ್ನು ದಾಟಿ ಪಕ್ಕದವಳ ಮುಂದೆ ಹೋಯಿತು.

"ಏನಮ್ಮಾ, ಇಲ್ಲೊಬ್ಬಳು ಕೂತಿದೀನಿ, ಕಣ್ಣು ಕಾಣಲ್ವಾ?" ಅಂದರು ಅಕ್ಕ. ಅಕ್ಕ ಕೈ ಚಾಚಿ ತಟ್ಟೆಯನ್ನು ಎಳೆದುಕೊಂಡು, ತಾವೇ ಹಣೆಗೆ, ತಾಳಿಗೆ ಕುಂಕುಮ ಇಟ್ಟುಕೊಂಡು, ತಟ್ಟೆ ತಳ್ಳಿದರು. ನನ್ನ ಹೆಂಡತಿ ತಲೆ ತಗ್ಗಿಸಿ ಕೂತಿದ್ದಳು. ನನಗೆ ಮೈ ಉರಿದುಹೋಯಿತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಊಟವಾದ ಮೇಲೆ ಗುಮಾಸ್ತ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿದ. "ನೋಡಿದ್ರಲ್ಲ ಸಾರ್. ಪ್ರತಿ ಸಲ ಹಿಂಗೇ. ಹನ್ನೆರಡು ವರ್ಷ ಸುದ್ದಿ ಇಲ್ಲ ಅಂದ್ರೆ ದರ್ಭೆ ಗೊಂಬೆ ಮಾಡಿ ಸುಟ್ಟು ಕರ್ಮ ಮುಗಿಸ್ಬೇಕು ಅಂತ ಹಿರಿಯರು ಹೇಳ್ತಾರೆ. ಇವಳು ಒಪ್ಪಲ್ಲ. ಒಂದು ಕಡೆ ಮುತ್ತೈದೆ ಅಲ್ಲ, ಇನ್ನೊಂದು ಕಡೆ ವಿಧವೆ ಅಲ್ಲ. ನಾಳೆ ಮದುವೇಲಿ ಬೀಗರು ಏನಂತಾರೋ."

ಅಷ್ಟರಲ್ಲಿ ಅಕ್ಕನೇ ಬಂದರು. ಹಿಂದೆ ನಿಂತು ಕೇಳಿಸಿಕೊಂಡಿದ್ದರೇನೋ. "ಗೊಂಬೆ ಯಾಕೋ ಸುಡ್ಬೇಕು? ಸತ್ತಿದ್ದು ಕಂಡೋರನ್ನ ಒಬ್ಬರನ್ನ ತಂದು ನಿಲ್ಸು. ಇಂಥ ಊರಲ್ಲಿ ಹೋದ್ರು ಅಂತ ಒಂದು ಮಾತು ತಾ. ಅವತ್ತೇ ಬಳೆ ಒಡೆದುಹಾಕ್ತೀನಿ. ಅಲ್ಲೀತನಕ ಯಾವಳು ತಟ್ಟೆ ದಾಟಿಸ್ತಾಳೋ ದಾಟಿಸ್ಲಿ," ಅಂದರು. ತಮ್ಮ ಒಳಗೆ ಹೋದ.

ಆಮೇಲೆ ನನ್ನ ಕಡೆ ತಿರುಗಿದರು. ಸೊಂಟದಿಂದ ಬಟ್ಟೆಯಲ್ಲಿ ಸುತ್ತಿದ ಪಟ ತೆಗೆದರು. ಆ ದಿನ ಅದನ್ನು ಜೊತೆಯಲ್ಲೇ ಇಟ್ಟುಕೊಂಡಿದ್ದರು.

"ನೀನು ರೈಲಿನ ಹಳೇ ಜನಾನೆಲ್ಲ ಹುಡುಕ್ಕೊಂಡು ಊರೂರು ತಿರುಗ್ತೀಯಂತಲ್ಲಪ್ಪಾ. ಇವರನ್ನ ಅವರಿಗೆಲ್ಲ ತೋರ್ಸು. ಎಲ್ಲಾದ್ರೂ ಕಂಡಿದ್ರಾ ಕೇಳು. ರೈಲು ನಿಲ್ಲಿಸ್ತಾರಂತೆ. ರೈಲೇ ನಿಂತೋದ್ರೆ ಅವರು ಯಾವುದ್ರಲ್ಲಿ ಬರ್ತಾರೆ?"

"ಆಗಲಿ ಅಕ್ಕಾ," ಅಂದೆ.

"ಈ ಪಟ ಮಾತ್ರ ನಿಮ್ಮೂರಿಗೆ ಹೋಗಬಾರ್ದು. ಚಿಕ್ಕಬಳ್ಳಾಪುರದ ಕಡೆ ಹೋಗಿದ್ದು ನನಗೆ ವಾಪಸ್ ಬರಲ್ಲ. ಚಿಂತಾಮಣೀಲಿ ಕಾಪಿ ಮಾಡಿಸ್ಕೋ, ಕಾಪಿ ತಗೊಂಡು ತಿರುಗು. ನನಗೂ ಒಂದು ದೊಡ್ಡದು ಮಾಡಿಸ್ಕೊಂಡು ಬಾ, ಕಣ್ಣು ಮಂಜಾಗ್ತಿದೆ." ಪಟ ನನ್ನ ಕೈಗಿಟ್ಟು ಕೈ ಬಿಡಲಿಲ್ಲ. "ಇದಾರೆ ಅಂದ್ರೂ ಸರಿ, ಇಲ್ಲ ಅಂದ್ರೂ ಸರಿ. ಎರಡ್ರಲ್ಲಿ ಒಂದು ತಂದು ಹೇಳು. ಹೇಳೋಕೆ ಬಾಯಿ ಬರ್ಲಿಲ್ಲ ಅಂದ್ರೂ ಹೆಂಗಾದ್ರೂ ತಿಳಿಸು ನಾಯನಾ."

ನಾನು ಹ್ಞೂಂ ಹ್ಞೂಂ ಅಂದೆ. ಕಾಲ ಸಂದಿಯ ಚಕ್ರ ಕೈಗೆ ಬಂದಿತ್ತು.

ಚಿಕ್ಕಬಳ್ಳಾಪುರದಲ್ಲಿ ನನಗೆ ಗೊತ್ತಿದ್ದ ಒಂದು ಸ್ಟುಡಿಯೋ ಇತ್ತು. ಅವರಿಗೆ ನನ್ನ ಹುಚ್ಚು ಚೆನ್ನಾಗಿ ಗೊತ್ತು, ನಾನು ಬಾಯಿ ಬಿಡುವ ಮೊದಲೇ ಚಕ್ರ ಯಾವುದು ಸಾರ್ ಅನ್ನುತ್ತಿದ್ದರು. ಆದರೆ ಮಾತು ಕೊಟ್ಟಾಗಿತ್ತು. ಚಿಂತಾಮಣಿಯಲ್ಲೇ ಒಂದು ಹಳೇ ಸ್ಟುಡಿಯೋಗೆ ಹೋದೆ. ಬಿಳಿ ಟೋಪಿಯ ವಯಸ್ಸಾದ ಸಾಹೇಬರು ಸಣ್ಣ ಕುಂಚ ಹಿಡಿದು ಯಾರದೋ ಫೋಟೋಗೆ ಬಣ್ಣ ತುಂಬುತ್ತಾ ಕೂತಿದ್ದರು.

"ನನಗೆ ಒಂದು ಕಾಪಿ, ಇದ್ದದ್ದು ಇದ್ದ ಹಾಗೇ. ಒಂದು ಬೋಲ್ಟೂ ಮಂಜಾಗಬಾರ್ದು. ಅಮ್ಮನಿಗೆ ಒಂದು, ಇವರದ್ದು, ದೊಡ್ಡದು ಮಾಡಿ," ಅಂದೆ.

"ಯಾವ ಅಮ್ಮಾ ಸಾರ್?"

"ಇವರ ಹೆಂಡತಿ."

ಸಾಹೇಬರು ಪಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಪಾಪ, ಸಣ್ಣ ವಯಸ್ಸು," ಅಂದರು. "ನೀವು ಹೋಗಿ ಸಾರ್. ಚೆನ್ನಾಗಿ ಮಾಡಿಕೊಡ್ತೀನಿ."

ಎರಡು ವಾರ ಬಿಟ್ಟು ಹೋದೆ. ನನ್ನ ಕಾಪಿ, ಹಳೇ ಪಟ ಎರಡೂ ಒಂದು ಕವರಿನಲ್ಲಿದ್ದವು. ಅಕ್ಕನದ್ದು ದಿನಪತ್ರಿಕೆಯಲ್ಲಿ ಸುತ್ತಿ ಹುರಿ ಕಟ್ಟಿದ್ದರು. ಎತ್ತಿದರೆ ಭಾರ. "ಇದೇನು, ಗಾಜಿನ ಕಟ್ಟು ಹಾಕಿಸಿಬಿಟ್ರಾ?" ಅಂದೆ. "ಇರಲಿ ಸಾರ್, ಅಮ್ಮನಿಗೆ ನನ್ನ ಕಡೆಯಿಂದ," ಅಂದರು. ಹೊರಡುವಾಗ ಕೂಗಿ ಹೇಳಿದರು: "ದಾರೀಲಿ ಬಿಚ್ಚಬೇಡಿ. ಮನೆಗೆ ಹೋಗಿ ಬಿಚ್ಚಿ." ಗಾಜು ಒಡೆದೀತು ಅಂತ ಹೇಳುತ್ತಿದ್ದಾರೆ ಅಂದುಕೊಂಡೆ. ಒಳ್ಳೇ ಮನುಷ್ಯ ಅಂತಲೂ ಅಂದುಕೊಂಡೆ.

ಸಣ್ಣ ರೈಲಿನಲ್ಲಿ ಕಿಟಕಿ ಪಕ್ಕ ಕೂತೆ. ಭಾರದ ಕಟ್ಟನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಅದರ ಮೇಲೆ ನನ್ನ ಕಾಪಿ ಇಟ್ಟು, ಭೂತಗನ್ನಡಿ ತೆಗೆದೆ. ಆಹಾ! ಸರಳಿನ ತುದಿ, ಅದರ ತಿರುಪು, ಅದರ ಹಿಂದಿನ ಕೊಕ್ಕೆ, ಒಂದೊಂದೂ ಕಣ್ಣಿಗೆ ಹೊಡೆಯುವ ಹಾಗೆ ಬಂದಿತ್ತು. ದಾರಿಯುದ್ದಕ್ಕೂ ತಗಡು ಎಲ್ಲಿ ಕತ್ತರಿಸಬೇಕು ಅಂತಲೇ ಲೆಕ್ಕ ಹಾಕಿದೆ. ಅಷ್ಟು ಸಂತೋಷ ನನಗೆ ಜೀವನದಲ್ಲಿ ಕಮ್ಮಿ ಸಲ ಆಗಿದೆ.

ಭಾನುವಾರವಾದ್ದರಿಂದ ಗುಮಾಸ್ತನೂ ಊರಿನಲ್ಲೇ ಇದ್ದ. ಅಕ್ಕನ ಮನೆಯಲ್ಲಿ ಮೂವರೂ ಚಾಪೆಯ ಮೇಲೆ ಕೂತೆವು. ಅಕ್ಕ ಕೈ ತೊಳೆದುಕೊಂಡು ಬಂದು, ಸೆರಗಿನಲ್ಲಿ ಒರೆಸಿಕೊಂಡು, ಹುರಿಯ ಗಂಟನ್ನು ನಿಧಾನವಾಗಿ ಬಿಚ್ಚಿದರು. ಕಾಗದ ಸರಿಸಿದರು.

ಇಂಜಿನ್ ಇರಲಿಲ್ಲ. ಬುಟ್ಟಿ ಇರಲಿಲ್ಲ, ತಲೆಯ ಟವೆಲ್ಲೂ ಇರಲಿಲ್ಲ. ಆಕಾಶನೀಲಿ ಬಣ್ಣದ ನಡುವೆ ಆ ಮನುಷ್ಯನ ಮುಖ ಮಾತ್ರ, ನಿಜದ ಮುಖದಷ್ಟೇ ದೊಡ್ಡದಾಗಿ. ಬನಿಯನ್ ಹೋಗಿ ಕರೀ ಕೋಟು ಬಂದಿತ್ತು. ನಗುವನ್ನು ತಿದ್ದಿ ಬಾಯಿ ಮುಚ್ಚಿಸಿದ್ದರು. ಹಣೆಗೆ ಕುಂಕುಮದ ಬೊಟ್ಟು. ಕಟ್ಟಿನ ಸುತ್ತ ಗಂಧದ ಚಕ್ಕೆಯ ಹಾರ. ಕೆಳಗೆ ದುಂಡು ಅಕ್ಷರದಲ್ಲಿ ಜನನ, ಮರಣ ಅಂತ ಬರೆದು, ಮುಂದೆ ಖಾಲಿ ಬಿಟ್ಟಿದ್ದರು.

ನಮ್ಮ ಕಡೆ ಫೋಟೋ ದೊಡ್ಡದು ಮಾಡಿಸೋದು ಅಂದರೆ ಒಂದೇ ಅರ್ಥ. ಬದುಕಿದ್ದವರ ಫೋಟೋವನ್ನು ಯಾರೂ ದೊಡ್ಡದು ಮಾಡಿಸಿ ಗೋಡೆಗೆ ಹಾಕುವುದಿಲ್ಲ, ಆಯಸ್ಸು ಕಡಿಮೆಯಾಗುತ್ತದೆ ಅಂತ. ಸತ್ತ ಮೇಲೆ ಮದುವೆ ಗುಂಪಿನದೋ ಜಾತ್ರೆಯದೋ ಒಂದು ಸಣ್ಣ ಫೋಟೋ ಹುಡುಕಿ, ಅದರಿಂದ ಮುಖ ಮಾತ್ರ ತೆಗೆಸಿ, ಹನ್ನೊಂದನೆಯ ದಿನದ ಹೊತ್ತಿಗೆ ದೊಡ್ಡದು ಮಾಡಿಸುತ್ತಾರೆ. ಅದನ್ನು ದಾರಿಯಲ್ಲಿ ಬಿಚ್ಚುವಂತಿಲ್ಲ, ಮನೆಯಲ್ಲೇ ಬಿಚ್ಚಬೇಕು. ಇದು ನನಗೆ ಗೊತ್ತಿರಲಿಲ್ಲವಾ? ನನ್ನಪ್ಪನದ್ದನ್ನೂ ಹಾಗೇ ಮಾಡಿಸಿದ್ದೆವು. ಚಕ್ರ ದೊಡ್ಡದು ಮಾಡಿಸಿ, ಕೊಳವೆ ದೊಡ್ಡದು ಮಾಡಿಸಿ, ಆ ಮಾತಿನ ಅರ್ಥವೇ ನನ್ನ ಬಾಯಲ್ಲಿ ಸವೆದುಹೋಗಿತ್ತು. ಅಕ್ಕನೂ ಕಣ್ಣು ಮಂಜು ಅಂತ ಸುಮ್ಮನೆ ಅಂದಿದ್ದರು. ಸಾಹೇಬರು ಮಾತ್ರ ಊರಿನ ಅರ್ಥದಲ್ಲೇ ಕೇಳಿಸಿಕೊಂಡರು.

ಅಕ್ಕ ಅಳಲಿಲ್ಲ. ಕೋಟಿನ ಮೇಲೆ ಬೆರಳಿಟ್ಟು, "ಯಾವೂರಲ್ಲಿ?" ಅಂದರು.

"ಏನಕ್ಕಾ?"

"ಯಾವೂರಲ್ಲಿ ಹೋದ್ರು?"

ನನಗೆ ಆಗ ಹೊಳೆಯಿತು. "ಅಯ್ಯೋ ಅಕ್ಕಾ, ಇಲ್ಲ ಇಲ್ಲ! ಸ್ಟುಡಿಯೋದವರು ತಪ್ಪು ತಿಳ್ಕೊಂಡಿದಾರೆ. ನಾನು ಬರೀ ದೊಡ್ಡದು ಮಾಡಿ ಅಂದೆ ಅಷ್ಟೇ. ನಾನಿನ್ನೂ ಯಾರನ್ನೂ ಕೇಳೇ ಇಲ್ಲ. ನಿಮ್ಮಾಣೆ."

"ನಾನು ಅಳಲ್ಲ. ಹೇಳಪ್ಪಾ. ಸುಟ್ರಾ, ಹೂಣಿದ್ರಾ? ಯಾರಾದ್ರೂ ಇದ್ರಾ ಹತ್ರ?"

"ಅಕ್ಕಾ, ದೇವರಾಣೆಗೂ ನನಗೇನೂ ಗೊತ್ತಿಲ್ಲ!"

ನಾನು ಗುಮಾಸ್ತನ ಮುಖ ನೋಡಿದೆ, ನೀನಾದರೂ ಹೇಳು ಮಾರಾಯ ಅಂತ. ಅವನು ಕಟ್ಟನ್ನು ನೋಡಿದ, ಅಕ್ಕನನ್ನು ನೋಡಿದ, ನನ್ನನ್ನು ನೋಡಿದ. ಅವನ ಮುಖದಲ್ಲಿ ಏನೋ ಓಡಿತು. ಆಮೇಲೆ ಮೆಲ್ಲಗೆ ಅಂದ: "ಬಿಡಕ್ಕಾ. ಮೇಷ್ಟ್ರನ್ನ ಹಿಂಸೆ ಮಾಡ್ಬೇಡ. ಅವರಿಗೆ ಹೇಳೋಕೆ ಬಾಯಿ ಬರ್ತಿಲ್ಲ."

ಅಷ್ಟೇ. ಅಕ್ಕ ತಲೆಯಾಡಿಸಿದರು. ನನ್ನ ಗಲ್ಲ ಮುಟ್ಟಿ, "ಪಾಪಂ, ಎಂತ ಕಷ್ಟಪಡ್ಡಾವೋ ನಾಯನಾ," ಅಂದರು. ಎಷ್ಟು ಕಷ್ಟಪಟ್ಟೆಯೋ ಅಂತ ನನ್ನನ್ನೇ ಸಮಾಧಾನ ಮಾಡಿದರು. ಎದ್ದು ಹಿತ್ತಲಿಗೆ ಹೋದರು. ಒರಳುಕಲ್ಲಿನ ಮೇಲೆ ಬಳೆ ಒಡೆಯುವ ಸದ್ದು ನಾವು ಕೂತಲ್ಲಿಗೇ ಕೇಳಿಸಿತು. ಆಮೇಲೆ ಅವರು ಅತ್ತ ದನಿಯನ್ನು ಬರೆಯಲು ನನ್ನಿಂದಾಗದು.

ನಾನು ಗುಮಾಸ್ತನ ಕೊರಳಪಟ್ಟಿ ಹಿಡಿದೆ. "ಏನಯ್ಯಾ ಇದು, ಮನುಷ್ಯನೇನಯ್ಯಾ ನೀನು?" ಅವನು ಬಿಡಿಸಿಕೊಳ್ಳಲಿಲ್ಲ. "ಸಾರ್, ಕಾಲಿಗೆ ಬೀಳ್ತೀನಿ. ಇನ್ನೇನೂ ಹೇಳ್ಬೇಡಿ. ಎಷ್ಟು ವರ್ಷ ಸಾರ್ ತಟ್ಟೆ ಕಿತ್ಕೊಂಡು ಕುಂಕುಮ ಇಟ್ಕೋತಾಳೆ ಅವಳು? ಬಿಟ್ಬಿಡಿ," ಅಂದ. ಅವನ ಕಣ್ಣಲ್ಲೂ ನೀರಿತ್ತು. ಹೊಡೆಯಲು ಎತ್ತಿದ ಕೈ ಇಳಿಯಿತು. ಅಷ್ಟರಲ್ಲಿ ಕೇರಿಯ ಹೆಂಗಸರು ಓಡಿ ಬರುತ್ತಿದ್ದರು.

ನಾನು ಬಿಡಲಿಲ್ಲ. ಮಾರನೆಯ ದಿನ ಸ್ಕೂಲಿಗೆ ರಜೆ ಹಾಕಿ ಚಿಂತಾಮಣಿಗೆ ಓಡಿದೆ. ಸಾಹೇಬರ ಮೇಲೆ ಎಗರಾಡಿದೆ. ಅವರು ಬಿಳಚಿಕೊಂಡು, "ನೀವೇ ಅಲ್ವಾ ಸಾರ್ ದೊಡ್ಡದು ಮಾಡಿ ಅಂದಿದ್ದು? ಹೆಂಡತಿಗೆ ಅಂದ್ರಲ್ಲ?" ಅಂದರು. ಆದರೂ ದೊಡ್ಡ ಮನುಷ್ಯ. ಅಂಗಡಿಗೆ ಬೀಗ ಹಾಕಿ, "ನಡೀರಿ, ನಾನೇ ಬಂದು ಹೇಳ್ತೀನಿ," ಅಂತ ನನ್ನ ಜೊತೆ ಹೊರಟರು.

ಅಕ್ಕ ಮೂಲೆಯಲ್ಲಿ ಕೂತಿದ್ದರು. ಬರಿಯ ಹಣೆ, ಬರಿಯ ಕೈ. ನನಗೆ ತಕ್ಷಣ ಗುರುತು ಸಿಗಲಿಲ್ಲ. ಸಾಹೇಬರು ಬಾಗಿಲಲ್ಲೇ ನಿಂತು ಕೈ ಮುಗಿದರು. "ತಪ್ಪು ನಂದಮ್ಮಾ. ಅಲ್ಲಾನ ಮೇಲಾಣೆ, ಇವರು ಸತ್ತರು ಅಂತ ನನಗೆ ಯಾರೂ ಹೇಳಿಲ್ಲ. ಸತ್ತಿರಬೇಕು ಅಂತ ನಾನೇ ಅಂದ್ಕೊಂಡೆ."

ಅಕ್ಕ ಅವರನ್ನು ನೋಡಿದರು. ಆಮೇಲೆ ನನ್ನನ್ನು. "ಒಬ್ಬರಲ್ಲ, ಇಬ್ಬರು ಬಂದು ಮುಚ್ಚಿಡ್ತೀರ," ಅಂದರು. "ದೇವರ ಮೇಲೆ ಆಣೆ ಇಟ್ಟು ಮುಚ್ಚಿಡ್ತೀರ. ಅಂದ್ರೆ ಒಳ್ಳೇ ಸಾವಲ್ಲ ಅದು." ದನಿ ಸಣ್ಣದಾಯಿತು. "ರೈಲಿಗೆ ಸಿಕ್ಕೊಂಡ್ರಾ? ಮುಖ ಸಿಗಲಿಲ್ವಾ? ಅದಕ್ಕೇ ಈ ಹಳೇ ಪಟದಿಂದ ಮುಖ ತೆಗೆದ್ರಾ?"

ನಾವು ನಿಜ ಹೇಳಿದಷ್ಟೂ ಆ ಮನುಷ್ಯನ ಸಾವು ಇನ್ನಷ್ಟು ಕೆಡುತ್ತಾ ಹೋಗುತ್ತಿತ್ತು. ಇನ್ನೊಂದು ಮಾತಾಡಿದರೆ ಏನಾಗುತ್ತದೋ ಅಂತ ಹೆದರಿ ನಾವಿಬ್ಬರೂ ಬಾಯಿ ಮುಚ್ಚಿಕೊಂಡು ವಾಪಸ್ಸು ಬಂದೆವು.

ರಾತ್ರಿ ಹಗಲೂ ನನಗೆ ಒಂದೇ ಯೋಚನೆ. ಅವನು ಎಲ್ಲೋ ಬದುಕಿರಬಹುದಲ್ಲ? ಸಿಕ್ಕಿದ ಹಳೇ ರೈಲ್ವೆಯವರಿಗೆಲ್ಲ ಕಾಪಿ ತೋರಿಸಿದೆ, ಚಿಕ್ಕಬಳ್ಳಾಪುರದಲ್ಲಿ, ಶಿಡ್ಲಘಟ್ಟದಲ್ಲಿ. ಬದುಕಿದ್ದಾನೆ ಅಂತ ಒಬ್ಬರು ಹೇಳಿದ್ದರೆ ಅವರನ್ನು ಹೊತ್ತುಕೊಂಡಾದರೂ ಅಕ್ಕನ ಮುಂದೆ ನಿಲ್ಲಿಸುತ್ತಿದ್ದೆ. ಯಾರಿಗೂ ಗೊತ್ತಿರಲಿಲ್ಲ. ಒಬ್ಬ ಮುದುಕ ಮಾತ್ರ, "ಕಲ್ಲಿದ್ದಲು ಹೊರೋರು ನೂರಾರು ಜನ ಬರ್ತಿದ್ರು ಹೋಗ್ತಿದ್ರು ಸ್ವಾಮಿ, ಮುಖ ಎಲ್ಲ ಒಂದೇ ಥರ ಕಪ್ಪು," ಅಂದ.

ಹನ್ನೊಂದನೆಯ ದಿನಕ್ಕೆ ಗುಮಾಸ್ತ ಮನೆಗೆ ಬಂದು ಕರೆದ. ತಲೆ ಎತ್ತದೆ, "ಅಕ್ಕ ನಿಮ್ಮನ್ನ ಬರಲೇಬೇಕು ಅಂದಿದಾಳೆ ಸಾರ್," ಅಂದ. ನನ್ನ ಹೆಂಡತಿ ಬರಲಿಲ್ಲ. "ಬದುಕಿದಾರೋ ಏನೋ. ಆ ಊಟ ನನ್ನ ಗಂಟಲಲ್ಲಿ ಇಳಿಯಲ್ಲ," ಅಂದಳು. ನಾನು ಹೋದೆ. ಹೋಗದೆ ಇದ್ದರೆ ಅದಕ್ಕೂ ಅಕ್ಕ ಏನು ಅರ್ಥ ಕಟ್ಟುತ್ತಾರೋ ಅನ್ನುವ ಭಯ.

ದರ್ಭೆಯ ಗೊಂಬೆಯನ್ನು ಸುಟ್ಟಾಗಿತ್ತು. ನಡುಮನೆಯಲ್ಲಿ ಸಾಹೇಬರ ನೀಲಿ ಪಟ, ಅದರ ಮುಂದೆ ದೀಪ. ಮರಣ ಅನ್ನುವುದರ ಮುಂದಿನ ಖಾಲಿ ಜಾಗದಲ್ಲಿ ಯಾರೋ ನಾನು ಪಟ ತಂದ ಭಾನುವಾರದ ತಾರೀಖನ್ನು ಬರೆದಿದ್ದರು. ಬಂದ ನೆಂಟರೆಲ್ಲ ನನಗೆ ಕೈ ಮುಗಿದರು. ಊರೂರು ತಿರುಗಿ ಸುದ್ದಿ ತಂದ ಪುಣ್ಯಾತ್ಮ ಅಂತ ಒಬ್ಬ ಅಜ್ಜ ಕಣ್ಣೊರೆಸಿಕೊಂಡರು. ನಿಶ್ಚಿತಾರ್ಥದ ದಿನ ತಟ್ಟೆ ದಾಟಿಸಿದ್ದ ಹೆಂಗಸೂ ಬಂದಿದ್ದಳು. ಅಕ್ಕನ ಪಕ್ಕದಲ್ಲೇ ಕೂತು ಅವರ ಬೆನ್ನು ಸವರುತ್ತಿದ್ದಳು.

ಮೊದಲ ಪಂಕ್ತಿಯಲ್ಲೇ ನನ್ನನ್ನು ಕೂರಿಸಿದರು. ಎಲೆಗೆ ಅನ್ನ, ಸಾರು, ವಡೆ, ಪಾಯಸ ಎಲ್ಲ ಬಿತ್ತು. ಕೈ ಹಾಕಿ ಕಲಸುತ್ತಾ ಕೂತೆ, ಬಾಯಿಗೆ ಹೋಗುತ್ತಿರಲಿಲ್ಲ. ಎದುರಿನ ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತಿದ್ದ ಅಕ್ಕ ಸರಿದು ಸರಿದು ನನ್ನ ಎಲೆಯ ಹತ್ತಿರ ಬಂದರು. ಹನ್ನೊಂದು ದಿನದಲ್ಲಿ ಹತ್ತು ವರ್ಷ ವಯಸ್ಸಾದ ಮುಖ. ಆದರೆ ಅದರಲ್ಲಿ ಕಾಯುವುದು ಮುಗಿದಿತ್ತು.

"ಇನ್ನೇನೂ ಕೇಳಲ್ಲಪ್ಪಾ ನಿನ್ನ," ಅಂದರು, ಬೇರೆ ಯಾರಿಗೂ ಕೇಳದ ಹಾಗೆ. "ಎಲ್ಲಿ, ಹೆಂಗೆ, ಏನೂ ಬೇಡ. ಒಂದೇ ಒಂದು. ಹೋಗೋವಾಗ ನನ್ನ ಹೆಸರು ಹೇಳಿದ್ರಂತಾ?"

ಎಷ್ಟು ಆಣೆ ಇಟ್ಟಿದ್ದೆ ಈ ಹೆಂಗಸಿಗೆ. ಒಂದನ್ನೂ ನಂಬಿರಲಿಲ್ಲ.

"ಹ್ಞೂಂ ಅಕ್ಕಾ," ಅಂದೆ. "ಹೇಳಿದ್ರಂತೆ."

ಅಕ್ಕ ಅದನ್ನು ನಂಬಿದರು. ಸೆರಗಿನಿಂದ ಮುಖ ಒರೆಸಿಕೊಂಡು, ಬಡಿಸುವವರನ್ನು ಕೂಗಿ, "ಮೇಷ್ಟ್ರ ಎಲೆಗೆ ಇನ್ನೊಂದು ವಡೆ ಹಾಕ್ರೋ," ಅಂದರು.